ನಾಗವ್ವನ ತಾರೀಖು

ನಮ್ಮ ಕ್ರೈಸ್ತ ಸಭೆಯ ಚರಿತ್ರೆಯನ್ನು ನಾನೇ ಬರೆಯಬೇಕೆಂದು ಸಭಾಪಾಲಕ ಮೋಹನದಾಸ್ ಅವರು ಹೇಳಿದಾಗ ನನಗೆ ಸಿಟ್ಟೇ ಬಂತು. ಅದು ೧೯೩೨ನೆಯ ಇಸವಿ, ಸಭೆಗೆ ಇಪ್ಪತ್ತೈದು ತುಂಬುವ ವರ್ಷ. ಪುಣೆಯ ದಂಡಿನ ಪೇಟೆಯಾದ ಲಷ್ಕರಿನಲ್ಲಿ ಮರಾಠಿಯವರ ಆರಾಧನೆ ಮುಗಿದ ಮೇಲೆ ಅವರದೇ ದೇವಾಲಯದಲ್ಲಿ ಕೂತು ಕನ್ನಡದಲ್ಲಿ ಹಾಡುವ ನಲವತ್ತು ಮನೆಯವರು ನಾವು. ಸಭೆ ಶುರುವಾದದ್ದು ಮಳೆಗಾಲದಲ್ಲಿ ಅನ್ನುತ್ತಾರೆ ಒಬ್ಬರು, ಕ್ರಿಸ್‌ಮಸ್ಸಿಗೆ ಅನ್ನುತ್ತಾರೆ ಇನ್ನೊಬ್ಬರು. ತಾರೀಖು ಕೇಳಿದರೆ ಇಬ್ಬರೂ ನನ್ನ ಮೇಲೇ ಹರಿಹಾಯುತ್ತಾರೆ. ತಪ್ಪು ತಾರೀಖು ಕಂಡರೆ ನನಗೆ ಊಟ ಸೇರುವುದಿಲ್ಲ, ಅದು ನನ್ನ ಸ್ವಭಾವ.

ಒಂದು ವಿಷಯದಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು. ಮೊದಲು ನಾಗವ್ವನ ಹೆಸರು ಬರಬೇಕು. ಪ್ಲೇಗಿನ ಕಾಲದಲ್ಲಿ ರೋಗಿಗಳ ಶೆಡ್ಡುಗಳಿಗೆ ಅಂಬಲಿ ಕಾಯಿಸಿ ಹೊತ್ತವಳು ಅವಳು. ಆ ಒಲೆಯ ಸುತ್ತ ಕನ್ನಡದವರು ನಾಲ್ಕು ಜನ ಕೂಡಿದ್ದರಿಂದಲೇ ನಮ್ಮ ಸಭೆ ಹುಟ್ಟಿತು. ಹದಿನೆಂಟನೇ ಇಸವಿಯ ಇನ್‌ಫ್ಲುಯೆಂಜಾ ಜ್ವರದಲ್ಲಿ ಮನೆಮನೆಗೆ ಗಂಜಿ ಒಯ್ದಳು. ಕಲ್ಲು ಒಡೆಯುವ ಹೆಂಗಸರಿಗೆ ಸಭೆಯವರು ಅಕ್ಷರ ಕಲಿಸಲು ಹೊರಟಾಗ, ರೊಟ್ಟಿ ಕೊಟ್ಟು ಅವರನ್ನು ಕೂಡಿಸಿದವಳೂ ಅವಳೇ. ಈಗ ಕಾಲು ಬಾತು, ದೇವಾಲಯದ ಹಿಂದಿನ ಕೋಣೆಯಲ್ಲಿ ಮಲಗಿದ್ದಳು. ಹೆಚ್ಚೆಂದರೆ ಒಂದು ತಿಂಗಳು ಎಂದಿದ್ದರು ಡಾಕ್ಟರು. ಅವಳಿಗಿದ್ದದ್ದು ಒಂದೇ ಆಸೆ, ನಮ್ಮವರ ಸಮಾಧಿತೋಟದಲ್ಲಿ ಜಾಗ. ಅದಕ್ಕೆ, ತಲೆಗೆ ನೀರು ಹಾಕಿ ಕ್ರೈಸ್ತರನ್ನಾಗಿ ಮಾಡುವ ದೀಕ್ಷಾಸ್ನಾನದ ಪುಸ್ತಕದಲ್ಲಿ ಹೆಸರಿರಬೇಕು.

ಹೆಸರಿರಲಿಲ್ಲ. ಮೂರು ಸಲ ಹುಡುಕಿದೆ, ಕನ್ನಡಕ ಒರೆಸಿಕೊಂಡು ನಾಲ್ಕನೆಯ ಸಲ ಹುಡುಕಿದೆ. ಹುಬ್ಬಳ್ಳಿಯ ಮಿಷನ್ನಿಗೆ ಕಾಗದ ಬರೆದೆ, ಅಲ್ಲಿಯೂ ಇಲ್ಲವೆಂದು ಉತ್ತರ ಬಂತು. ಮೋಹನದಾಸ್ ತಲೆಯ ಮೇಲೆ ಕೈ ಹೊತ್ತು ಕೂತರು.

"ಅಲ್ರಿ ಶಿವಪುತ್ರಪ್ಪ, ದೀಕ್ಷಾಸ್ನಾನ ಆದವ್ರಿಗಷ್ಟ ಕೊಡೋ ಕರ್ತನ ಭೋಜನ ಹತ್ತ ವರ್ಷದಿಂದ ಆಕಿಗೆ ಕೊಡಾಕತ್ತೀನಿ! ಹಿಂದಿನವ್ರೂ ಕೊಟ್ಟಾರ. ಯಾರೂ ಕೇಳಿಲ್ಲೇನು?"

ಯಾರೂ ಕೇಳಿರಲಿಲ್ಲ. ಎಂಥ ಜನ ನಾವು! ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ನಾಗವ್ವನ ಕೋಣೆಗೆ ಹೋದೆ.

"ನಾಗವ್ವ, ನಿನಗ ದೀಕ್ಷಾಸ್ನಾನ ಎಲ್ಲಾತು?"

"ಟೇಶನ್ದಾಗ," ಅಂದಳು. "ಐದನೇ ಇಸವಿ. ಗೋಕಾಕದಿಂದ ಬಂದು ಇಲ್ಲಿ ಗಾಡಿ ಇಳದ್ವಿ. ಗಂಡಸರ ಬಗಲು ಮುಟ್ಟಿ ನೋಡಿ ಬಿಟ್ಟರು. ನನಗ ಮೈ ಬಿಸಿ ಇತ್ತು. ಬಿಳೀ ಅರಿವಿ ಹಾಕ್ಕೊಂಡ ದೊರೆಸಾನಿ ಬಂದ್ಲು, ನನ್ನ ತಲಿ ಮ್ಯಾಲ ಮೂರು ಸಲ ನೀರು ಸುರದ್ಲು, ಹೆಸರು ಕೇಳಿದ್ಲು, ಪುಸ್ತಕದಾಗ ಬರದ್ಲು. ಆ ನೀರು ಭಾಳ ನಾತ ಹೊಡೀತಿತ್ತು. ನನ್ನ ಗಂಡ ಮುರುಗೆಪ್ಪ ದೂರ ನಿಂತು ನೋಡಿದ. ಕುಲಗೆಟ್ಟಿ, ಕಿರಿಸ್ತಾನಳಾದಿ, ಇನ್ನ ಬರಬ್ಯಾಡ ಅಂದ. ಮೂರು ವರ್ಷದ ಮಗಳು ಶಿವಗಂಗೀನ ಎತಗೊಂಡು ತಿರುಗಿ ಗಾಡಿ ಹತ್ತಿದ. ನಾನೂ ಹೌದಂತ ತಿಳದೆ. ಕಿರಿಸ್ತಾನರ ದವಾಖಾನಿ ಕೇಳಕೋತ ಬಂದೆ."

ಅದು ಪ್ಲೇಗು ತಪಾಸಣೆ. ದೊರೆಸಾನಿ ಸುರಿದದ್ದು ಔಷಧದ ನೀರು, ಬರೆದದ್ದು ಜ್ವರದವರ ಪಟ್ಟಿ. ಹಾಗಾದರೆ ಇವಳು ಯಾರು? ಕ್ರೈಸ್ತಳಲ್ಲ ಅನ್ನಲೇ? ನನಗಿಂತ ಹೆಚ್ಚು ಕ್ರೈಸ್ತಳಾಗಿ ಇಪ್ಪತ್ತೇಳು ವರ್ಷ ಬಾಳಿದ್ದಾಳೆ. ಕ್ರೈಸ್ತಳು ಅನ್ನಲೇ? ಯಾವ ಲೆಕ್ಕದಲ್ಲಿ?

"ಪುಸ್ತಕ ತಂದೀರಲ್ಲ, ನನ್ನ ಹೆಸರು ತೋರಸ್ರಿ," ಅಂದಳು.

ಹೆದರಿಕೆಯಲ್ಲಿ ಕೈಗೆ ಸಿಕ್ಕ ಹಾಳೆ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟೆ. "ಇಲ್ಲೇ ಅದ."

ಅವಳು ಬಗ್ಗಿ ನೋಡಿದಳು. ತುಟಿಗಳು ಅಲುಗಿದವು. "ರಂ... ಗೂ... ಬಾಯಿ." ಕಲ್ಲು ಒಡೆಯುವವರ ಜೊತೆ ಅವಳೂ ಅಕ್ಷರ ಕಲಿತಿದ್ದಳೆಂಬುದು ಆಗ ನೆನಪಾಯಿತು. ನಾಚಿಕೆಯಿಂದ ಸತ್ತೇ ಹೋದೆ. ಇನ್ನು ಮುಚ್ಚಿಡುವುದು ಆಗದೆ ಎಲ್ಲ ಹೇಳಿಬಿಟ್ಟೆ.

ಅವಳು ನನ್ನ ಅಂಗಿ ಹಿಡಿದಳು.

"ಅವತ್ತ ನಾ ಕಿರಿಸ್ತಾನಳ ಆಗಿದ್ದಿಲ್ಲಾ ಅಂದ್ರ, ಮಗಳನ್ನ ಯಾಕ ಬಿಟ್ಟೆ? ಓಡಿಹೋಗಿ ಕಸಗೋಬೇಕಾಗಿತ್ತಲ್ರೀ!"

ನನಗೆ ಅಳು ಬಂತು. ಹೊರಗೆ ಹೋಗಿ ಮೋಹನದಾಸರನ್ನು ಕರೆತಂದೆ. ಅವರು ಕೇಳಿದವರೇ ಹೋಗಿ ಬಟ್ಟಲಲ್ಲಿ ನೀರು ತಂದರು. "ಈಗ ಕೊಡತೀನಿ ನಾಗವ್ವ. ಏನೂ ತಡ ಆಗಿಲ್ಲ."

ನಾಗವ್ವ ನೀರನ್ನು ಮೂಸಿ ನೋಡಿದಳು. "ಇದಕ್ಕ ವಾಸನೀನ ಇಲ್ಲ. ಇರಲಿ, ಹಾಕ್ರಿ. ಆದ್ರ ತಾರೀಖು ಹಳೇದ ಬರೀರಿ. ಇವತ್ತಿಂದು ಬರದ್ರ ನಾ ಸುಮ್ಮಸುಮ್ಮನ ಕೂಸು ಬಿಟ್ಟಂಗ ಆಗತದ."

ಮೋಹನದಾಸ್ ನನ್ನ ಮುಖ ನೋಡಿದರು. ಸುಳ್ಳು ತಾರೀಖು ಬರೆಯುವುದಿಲ್ಲವೆಂದು ಅರ್ಧ ಸಭೆಯ ಜೊತೆ ಜಗಳಾಡಿದವನು ನಾನು. ನೀರು ಹಾಕಿದ್ದಾಯಿತು. ನಾನು ಮೊದಲ ಹಾಳೆಯ ನೆತ್ತಿಯಲ್ಲಿ, ಎಲ್ಲರ ಹೆಸರಿಗಿಂತ ಮೇಲೆ ಬರೆದೆ: ನಾಗವ್ವ, ೧೯೦೫, ಪುಣೆ ಸ್ಟೇಷನ್. ದೀಕ್ಷೆ ಕೊಟ್ಟವರ ಹೆಸರಿನ ಜಾಗಕ್ಕೆ ಬಂದು ಕೈ ನಿಂತಿತು.

"ಒಬ್ಬ ದೊರೆಸಾನಿ ಅಂತ ಬರೀರಿ," ಅಂದರು ಮೋಹನದಾಸ್, ಮೆಲ್ಲಗೆ.

ನಾಗವ್ವ ಪುಸ್ತಕ ಎಳೆದುಕೊಂಡು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಪುಸ್ತಕವನ್ನು ನನ್ನ ಕೈಗೆ ಕೊಟ್ಟಳು.

"ಇದನ್ನ ಜ್ವಾಕಿ ಮಾಡ್ರಿ. ಶಿವಗಂಗಿ ಎಂದಾರ ಬಂದು ಕೇಳಿದ್ರ ತೋರಸ್ರಿ."