ಹನ್ನೆರಡಕ್ಕೆ ಹನ್ನೊಂದು

ಬೀಗದಂಗಡಿಯ ಆ ಮನುಷ್ಯನ ನೆನಪಿನ ಶಕ್ತಿ ಸಾಮಾನ್ಯದ್ದಲ್ಲ. ಒಂದು ಕೀಲಿಯ ಮೇಲೆ ಒಮ್ಮೆ ಕಣ್ಣು ಹಾಯಿಸಿದನೆಂದರೆ ಮುಗಿಯಿತು. ಹತ್ತು ವರ್ಷದ ಮೇಲೆ ಅದರ ಒಡೆಯ ಕೀಲಿಯನ್ನು ಬಾವಿಗೆ ಬೀಳಿಸಿಕೊಂಡು ಬಂದು ನಿಂತರೆ, ಇವನು ಏನಾಯಿತೆಂದು ಕೇಳುವ ಮೊದಲೇ ಅರ ಕೈಗೆತ್ತಿಕೊಂಡು ಹೊಸ ಕೀಲಿಯ ಹಲ್ಲು ಉಜ್ಜಲು ತೊಡಗುತ್ತಿದ್ದ. ಸತ್ತುಹೋದವರ ಟ್ರಂಕಿನ ಕೀಲಿಗಳೂ ಅವನ ತಲೆಯಲ್ಲಿ ಜೀವಂತವಾಗಿದ್ದವು. ಆ ಬೀದಿಯ ಕಳ್ಳರು ದೂರದಿಂದ ಅವನನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದರು, ಇಷ್ಟೊಂದು ವಿದ್ಯೆ ಒಬ್ಬ ಪ್ರಾಮಾಣಿಕನ ಕೈಗೆ ಸಿಕ್ಕಿ ಹಾಳಾಗುತ್ತಿದೆಯಲ್ಲ ಎಂದು.

ಅವನ ಒಬ್ಬಳೇ ಮಗಳು ಮನಶ್ಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಪರೀಕ್ಷೆಗಳನ್ನು ತಯಾರಿಸುವ ಒಂದು ಸಂಸ್ಥೆಗೆ ಆರು ತಿಂಗಳ ಇಂಟರ್ನ್‌ಶಿಪ್‌ಗೆ ಸೇರಿದಳು. ಪರೀಕ್ಷೆ ಬರೆಯುವವರ ಕಷ್ಟ ಲೋಕಕ್ಕೆಲ್ಲ ಗೊತ್ತು. ತಯಾರಿಸುವವರ ಕಷ್ಟ ಅಲ್ಲಿ ಹೋದಮೇಲೆಯೇ ಅವಳಿಗೆ ತಿಳಿದದ್ದು. ಒಂದು ಪ್ರಶ್ನೆ ಹುಟ್ಟುವುದರೊಳಗೆ ಒಂದು ಮಗು ಹುಟ್ಟಿ, ನಡೆದು, ಶಾಲೆಗೆ ಸೇರಿಬಿಡಬಹುದು. ಒಬ್ಬರು ಬರೆದದ್ದನ್ನು ಮೂವರು ಹೊಡೆದುಹಾಕಬೇಕು, ಉಳಿದದ್ದನ್ನು ಮುನ್ನೂರು ಜನರ ಮೇಲೆ ಪ್ರಯೋಗಿಸಬೇಕು, ಆಮೇಲೆ ಅಂಕಿಅಂಶದವರು ಬಂದು ಇದು ಕೆಲಸಕ್ಕೆ ಬಾರದು ಅನ್ನಬೇಕು. ಗೆದ್ದು ಬಂದ ಪ್ರಶ್ನೆಗಳನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಎರಡು ಬೀಗ ಹಾಕುತ್ತಿದ್ದರು. ಪ್ರಶ್ನೆ ಹೊರಗೆ ಹೋದರೆ ಪರೀಕ್ಷೆ ಸತ್ತಂತೆ. ಹೊರಗೆ ಕೊಂಡೊಯ್ದವರು ಅವತ್ತೇ ಮನೆಗೆ.

ಅವಳ ವಿಭಾಗ ವಯಸ್ಸಾದವರ ಮರೆವನ್ನು ಅಳೆಯುವ ಪರೀಕ್ಷೆಯದ್ದು. ಹನ್ನೆರಡು ಪದಗಳನ್ನು ಓದಿ ಹೇಳಬೇಕು, ಇಪ್ಪತ್ತು ನಿಮಿಷ ಬೇರೆ ಕೆಲಸ ಕೊಡಬೇಕು, ಆಮೇಲೆ ಎಷ್ಟು ನೆನಪಿವೆ ಎಂದು ಕೇಳಬೇಕು. ಕೇಳಲು ಸುಲಭ. ಆದರೆ ಸೆಕೆಂಡಿಗೆ ಸರಿಯಾಗಿ ಒಂದು ಪದ, ದನಿಯಲ್ಲಿ ಏರಿಳಿತ ಇರಬಾರದು. ವಿಭಾಗದ ಮುಖ್ಯಸ್ಥೆಗೆ ಇಂಟರ್ನ್‌ಗಳು ತಕ್ಕಡಿ ಮೇಡಂ ಎಂದು ಹೆಸರಿಟ್ಟಿದ್ದರು. ಆಕೆ ನೊಣ ಕೂತರೂ ಅದರ ತೂಕ ಹೇಳುವ ಹೆಂಗಸು.

"ಕೊನೇ ಪದ ಬಂದ ತಕ್ಷಣ ನಿನ್ನ ದನಿ ಗಂಟೆ ಹೊಡೆದ ಶಾಲೆಮಕ್ಕಳ ಹಾಗೆ ಓಡುತ್ತೆ," ಎಂದರು ತಕ್ಕಡಿ ಮೇಡಂ ಮೊದಲ ವಾರದಲ್ಲೇ. "ನೂರು ಸಲ ಅಭ್ಯಾಸ ಮಾಡ್ಕೊಂಡು ಬಾ. ಅಲ್ಲೀತನಕ ನಿನ್ನನ್ನ ಯಾವ ಮುದುಕರ ಮುಂದೆಯೂ ಕೂರಿಸಲ್ಲ."

ಅಭ್ಯಾಸಕ್ಕೆಂದು ಬೇರೆ ಸುಳ್ಳು ಪಟ್ಟಿಯಿತ್ತು. ಆದರೆ ವಿಭಾಗದಲ್ಲಿ ಕೇಳಿ ಕೇಳಿ ಅವಳಿಗೆ ನಿಜವಾದದ್ದೇ ಬಾಯಿಗೆ ಬಂದುಬಿಟ್ಟಿತ್ತು. ಕಾಗದ ಬೀರುವಿನಲ್ಲೇ ಇತ್ತು; ಹೊರಗೆ ಬಂದದ್ದು ಅವಳ ಬಾಯಿ ಮಾತ್ರ. ಬಾಯಿಗೆ ಬೀಗ ಹಾಕಬೇಕೆಂದು ನಿಯಮದಲ್ಲಿ ಬರೆದಿರಲಿಲ್ಲ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ದಿನಾ ಸಂಜೆ ಅಂಗಡಿ ಮುಚ್ಚಿ ಬಂದ ಅಪ್ಪನನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ, ಸ್ಟಾಪ್‌ವಾಚ್ ಒತ್ತಿ ಶುರು ಮಾಡುತ್ತಿದ್ದಳು.

"ಛತ್ರಿ. ಮೇಜು. ನದಿ. ಸೂಜಿ. ಬೆಕ್ಕು. ಗಂಟೆ. ಹತ್ತಿ. ಸೇತುವೆ. ಕನ್ನಡಿ. ಗೋಣಿ. ದೀಪ. ಹಗ್ಗ."

"ಕೊನೆಗೆ ಹಗ್ಗ ಯಾಕೆ ಮೇಡಮ್ಮಾ, ನಾನು ಫೇಲಾದ್ರೆ ಉಪಯೋಗಕ್ಕೆ ಬರ್ಲಿ ಅಂತಲಾ?" ಎನ್ನುತ್ತಿದ್ದ ಅಪ್ಪ.

"ಅಪಶಕುನದ ಮಾತು ಯಾಕ್ರೀ," ಎಂದು ಒಲೆಯ ಕಡೆಯಿಂದ ಅಮ್ಮ. "ಇಪ್ಪತ್ತು ನಿಮಿಷ ಸುಮ್ನೆ ಕೂರೋ ಬದ್ಲು ಈ ಬೆಳ್ಳುಳ್ಳಿ ಬಿಡಿಸಿ."

ಅಪ್ಪ ಬೆಳ್ಳುಳ್ಳಿ ಬಿಡಿಸುತ್ತಿದ್ದ. ಇಪ್ಪತ್ತು ನಿಮಿಷ ಕಳೆದ ಮೇಲೆ ಮೂರೋ ನಾಲ್ಕೋ ಪದ ಹೇಳಿ, ಉಳಿದದ್ದಕ್ಕೆ ಹಲ್ಲು ಕಿರಿಯುತ್ತಿದ್ದ. ಬೇಕೆಂದೇ ಆಟ ಆಡಿಸುತ್ತಿದ್ದಾನೆ ಎಂದು ಮಗಳು ನಕ್ಕಳು. ತಿಂಗಳು ಕಳೆದಾಗ ಆರಾಯಿತು. ಎರಡು ತಿಂಗಳಾಗುವ ಹೊತ್ತಿಗೆ ಹನ್ನೊಂದು. ಆಮೇಲೆ ಅವನನ್ನು ಹಿಡಿಯುವವರೇ ಇಲ್ಲ. ಸ್ನಾನಕ್ಕೆ ಹೋದರೆ ಛತ್ರಿ ಮೇಜು ನದಿ, ಚಪ್ಪಲಿ ಹುಡುಕುತ್ತಾ ಕನ್ನಡಿ ಗೋಣಿ ದೀಪ. ಮಗಳ ದನಿಯೂ ಅಷ್ಟರಲ್ಲಿ ಎಷ್ಟು ಸಮತಟ್ಟಾಯಿತೆಂದರೆ ಅದರ ಮೇಲೆ ಗೋಲಿ ಇಟ್ಟರೂ ಉರುಳುತ್ತಿರಲಿಲ್ಲ. ತಕ್ಕಡಿ ಮೇಡಂ ಮೊದಲ ಬಾರಿಗೆ "ಪರವಾಗಿಲ್ಲ" ಎಂದರು. ಆಕೆಯ ಬಾಯಲ್ಲಿ ಆ ಮಾತು ಬಂದರೆ ಚಿನ್ನದ ಪದಕ ಬಂದಂತೆ.

ಆ ದಿನಗಳಲ್ಲೇ ಅಂಗಡಿಗೆ ಒಬ್ಬ ಹಳೇ ಗಿರಾಕಿ ಬಂದು ಜಗಳ ತೆಗೆದ. ಅವನ ಮನೆಯ ಕೀಲಿಯನ್ನು ಅಪ್ಪ ಇನ್ನಾರಿಗೋ ಕೊಟ್ಟು ಕಳಿಸಿದ್ದ. ಮೂವತ್ತು ವರ್ಷದಲ್ಲಿ ಹೀಗಾದದ್ದಿಲ್ಲ. ಮಾರನೇ ವಾರ ಗಡಿಯಾರ ರಿಪೇರಿಗೆಂದು ಹೊರಟವನು ಗಡಿಯಾರವನ್ನು ಬಸ್ಸಿನಲ್ಲಿ ಬಿಟ್ಟು, ಯಾಕೆ ಹೊರಟೆನೆಂದು ನೆನಪಾಗದೆ ವಾಪಸು ಬಂದ. ಅಮ್ಮ ಹಟ ಹಿಡಿದು ಅವನನ್ನು ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದಳು. ಮಗಳೂ ಜೊತೆಗೆ ಹೋದಳು.

ಪರೀಕ್ಷೆಯ ಕೋಣೆಯೊಳಗೆ ಮನೆಯವರಿಗೆ ಪ್ರವೇಶವಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತವಳಿಗೆ, ಪ್ಲೈವುಡ್ ಗೋಡೆಯ ಆ ಕಡೆಯಿಂದ ಡಾಕ್ಟರ ದನಿ ಕೇಳಿಸಿತು. ಸೆಕೆಂಡಿಗೆ ಒಂದು ಪದ.

"ಛತ್ರಿ. ಮೇಜು. ನದಿ."

ಅದೇ ಪಟ್ಟಿ. ಹೊಸ ಪರೀಕ್ಷೆಯ ಪ್ರಯೋಗಕ್ಕೆ ಸಂಸ್ಥೆ ಕೆಲವು ಆಸ್ಪತ್ರೆಗಳನ್ನು ಆರಿಸಿಕೊಂಡಿದೆ ಎಂದು ಅವಳಿಗೆ ಗೊತ್ತಿತ್ತು. ಅದರಲ್ಲಿ ಇದೂ ಒಂದು ಎಂದು ಗೊತ್ತಿರಲಿಲ್ಲ. ಬಾಗಿಲು ಅವಳಿಂದ ನಾಲ್ಕು ಹೆಜ್ಜೆಯ ದೂರದಲ್ಲಿತ್ತು. ತಟ್ಟಿ, ಈ ಪಟ್ಟಿ ಇವರಿಗೆ ಬರುತ್ತದೆ, ನಾನೇ ಕಲಿಸಿದ್ದೇನೆ ಎಂದರೆ ಸಾಕಿತ್ತು. ಆದರೆ ಹಾಗೆ ಹೇಳಿದರೆ ಇಂಟರ್ನ್‌ಶಿಪ್ ಅಲ್ಲಿಗೆ ಮುಗಿಯಿತು, ಪ್ರಮಾಣಪತ್ರವೂ ಇಲ್ಲ, ಮುಂದೆ ಆ ವೃತ್ತಿಯವರು ಯಾರೂ ಹತ್ತಿರ ಸೇರಿಸುವುದಿಲ್ಲ. ಅಮ್ಮ ಅವಳ ಕೈಯನ್ನು ಬಲವಾಗಿ ಹಿಡಿದುಕೊಂಡಿದ್ದಳು. ಇಪ್ಪತ್ತು ನಿಮಿಷ ಸಮಯವಿತ್ತು. ಇಪ್ಪತ್ತು ನಿಮಿಷ ಎಷ್ಟು ಉದ್ದವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಆಸ್ಪತ್ರೆಯಲ್ಲಿ ಯಾರೂ ಇರಲಿಲ್ಲ. ಅವಳು ಏಳಲಿಲ್ಲ.

ಒಳಗಿನಿಂದ ಅಪ್ಪನ ದನಿ ಹಬ್ಬದ ದನಿಯಂತೆ ಹೊರಟಿತು. ಒಂದೊಂದೇ ಪದ, ಸಾಲಾಗಿ, ಹನ್ನೊಂದು.

"ಇವರ ನೆನಪು ನನಗಿಂತ ಚೆನ್ನಾಗಿದೆ ತಾಯಿ," ಎಂದು ಹೊರಗೆ ಬಂದ ಡಾಕ್ಟರು ನಕ್ಕರು. "ವಯಸ್ಸಿಗೆ ಸ್ವಲ್ಪ ಗಮನ ಕಡಿಮೆ, ಅಷ್ಟೇ. ಹೆದರ್ಬೇಡಿ."

ಅಮ್ಮನಿಗೆ ಭಯ ಹೋಯಿತು. ಭಯ ಇದ್ದ ಜಾಗಕ್ಕೆ ಸಿಟ್ಟು ಬಂದು ಕೂತಿತು. ಅಲ್ಲಿಂದ ಮುಂದೆ ಅಪ್ಪ ಏನು ಮರೆತರೂ ಅದು ಮರೆವಲ್ಲ. ನಲ್ಲಿ ತೆರೆದಿಟ್ಟು ಮನೆಯೆಲ್ಲ ಸಮುದ್ರ ಮಾಡಿದ ದಿನ ಅವಳೆಂದಳು, "ಡಾಕ್ಟ್ರೇ ಹೇಳಿದಾರಲ್ಲ, ಸೊಗಸಾಗಿದೆ ಅಂತ. ಇದು ಮರೆವಲ್ಲ, ಕೊಬ್ಬು."

"ಇಲ್ಲ ಕಣೇ, ಮುಚ್ಚಿದ್ದೆ ಅನ್ಕೊಂಡೆ."

"ಹನ್ನೆರಡಕ್ಕೆ ಹನ್ನೊಂದು ತಗೊಂಡೋರಿಗೆ ಒಂದು ನಲ್ಲಿ ನೆನಪಿರಲ್ವಾ? ನಾನು ಹೇಳಿದ್ದು ಅಂದ್ರೆ ಅಸಡ್ಡೆ, ಇನ್ನೇನು."

ಮೂರು ತಿಂಗಳು ಆ ಮನೆಯಲ್ಲಿ ಬೈಗುಳ ಹೊಳೆಯಾಗಿ ಹರಿಯಿತು. ಅಮ್ಮ ಬಾಯಿ ಜೋರಿನ ಹೆಂಗಸಲ್ಲ. ಮದುವೆಯಾದ ಮೂವತ್ತು ವರ್ಷದಲ್ಲಿ ಆಡದೆ ಉಳಿಸಿದ್ದನ್ನೆಲ್ಲ ಆ ಮೂರು ತಿಂಗಳಲ್ಲಿ ಆಡಿ ಮುಗಿಸಿದಳು. ಅಪ್ಪ ಮೊದಮೊದಲು ವಾದಿಸುತ್ತಿದ್ದ. ಆಮೇಲೆ ತಪ್ಪು ಮಾಡಿದ ಮಗುವಿನಂತೆ ಗೋಡೆ ನೋಡುತ್ತಾ ಕೂರತೊಡಗಿದ. ಮಗಳು ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದಳು. ಸ್ಟಾಪ್‌ವಾಚನ್ನು ಕಪಾಟಿನ ಮೂಲೆಗೆ ತಳ್ಳಿದ್ದಳು. ಪ್ರಮಾಣಪತ್ರಕ್ಕೆ ಇನ್ನು ಅಷ್ಟು ವಾರ, ಇನ್ನು ಇಷ್ಟು ವಾರ.

ಒಂದು ಬೆಳಿಗ್ಗೆ ತಿಂಡಿ ತಿನ್ನುತ್ತಾ ಅಪ್ಪ ಅಮ್ಮನನ್ನು ಕೇಳಿದ, "ಅಲ್ಲ ಕಣೇ, ನಿಮ್ಮಕ್ಕ ಈಚೆಗೆ ಯಾಕೆ ಈ ಕಡೆ ಬಂದಿಲ್ಲ? ನಮ್ಮ ಮೇಲೆ ಕೋಪ ಏನಾದ್ರೂ?"

ದೊಡ್ಡಮ್ಮ ಸತ್ತು ವರ್ಷವಾಗಿತ್ತು. ಹೆಗಲು ಕೊಟ್ಟವರಲ್ಲಿ ಅಪ್ಪನೂ ಒಬ್ಬ.

ಅಮ್ಮ ಕೈಲಿದ್ದ ಲೋಟ ಕೆಳಗಿಟ್ಟಳು. "ಸತ್ತೋರ ವಿಷಯದಲ್ಲೂ ತಮಾಷೆನಾ," ಎಂದಳು, ಅಷ್ಟೇ. ಆಮೇಲೆ ಅವನೊಂದಿಗೆ ಮಾತು ಬಿಟ್ಟಳು. ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ ಪಕ್ಕದ ಮನೆಯಲ್ಲಿ ಇರುವೆ ನಡೆದದ್ದೂ ಕೇಳುತ್ತಿತ್ತು. ವಾರ ಕಳೆಯುತ್ತಾ ಬಂದಾಗ ಅಪ್ಪ ಮಗಳ ಬಳಿ ಬಂದು ಮೆಲ್ಲಗೆ ಕೇಳಿದ, "ನಿಮ್ಮಮ್ಮನಿಗೆ ಏನಾಗಿದೆಯೋ, ಮಾತಾಡ್ತಿಲ್ಲ. ನಾನೇನು ಮಾಡ್ದೆ?"

ಅವಳು ಅವತ್ತು ಸಂಸ್ಥೆಗೆ ಹೋದವಳೇ ನೇರವಾಗಿ ತಕ್ಕಡಿ ಮೇಡಂ ಕೋಣೆಗೆ ನುಗ್ಗಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಪ್ರಮಾಣಪತ್ರಕ್ಕೆ ಹದಿನಾರು ದಿನ ಬಾಕಿಯಿತ್ತು.

ಮೇಡಂ ಬೈಯಲಿಲ್ಲ. "ಎಷ್ಟು ಸಲ ಓದಿದ್ದೆ?" ಎಂದರು.

"ದಿನಾ ಎರಡು ಸಲ. ನೂರರ ಮೇಲೇ ಆಗಿರಬಹುದು."

"ಅವರಿಗೆ ಹನ್ನೆರಡು ಪದ ಕಲಿಯೋಕೆ ಎಷ್ಟು ದಿನ ಹಿಡೀತು?"

"ಎರಡು ತಿಂಗಳು ಮೇಡಂ." ಹೇಳುತ್ತಿದ್ದಂತೆಯೇ ಅವಳಿಗೆ ಹೊಳೆಯಿತು. ಊರಿನ ಕೀಲಿಗಳನ್ನೆಲ್ಲ ಒಂದೇ ನೋಟಕ್ಕೆ ತಲೆಗೆ ತುಂಬಿಕೊಂಡ ಮನುಷ್ಯನಿಗೆ ಹನ್ನೆರಡು ಪದಕ್ಕೆ ಎರಡು ತಿಂಗಳು. ದಿನವೂ ಎದುರಿಗೇ ಕೂತು, ಕೈಯಲ್ಲಿ ಗಡಿಯಾರ ಹಿಡಿದು, ಅವಳು ತನ್ನ ದನಿಯನ್ನು ಮಾತ್ರ ಕೇಳಿಸಿಕೊಂಡಿದ್ದಳು.

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. "ನಿನ್ನ ಗುರುತಿನ ಚೀಟಿ ಇಲ್ಲಿಡು. ಬೇರೆ ಪದಗಳಿರೋ ಎರಡನೇ ನಮೂನೆ ಪರೀಕ್ಷೆ ಇದೆ, ಅದನ್ನ ಇನ್ನೂ ಯಾರೂ ನೋಡಿಲ್ಲ. ಡಾಕ್ಟರಿಗೆ ನಾನು ಹೇಳ್ತೀನಿ. ನಾಳೆ ಅಪ್ಪನ್ನ ಅಲ್ಲಿಗೆ ಕರ್ಕೊಂಡು ಬಾ, ನಾನೇ ಕೂತು ಕೇಳ್ತೀನಿ." ಅವಳು ಬಾಗಿಲು ತಲುಪಿದಾಗ, "ಅಮ್ಮನಿಗೆ ನೀನೇ ಹೇಳ್ಬೇಕು. ಅದನ್ನ ನಾನು ಮಾಡಲ್ಲ," ಎಂದರು.

ಮರುದಿನ ಅದೇ ಬೆಂಚು. ಬಾಗಿಲು ಮುಚ್ಚಿದ ಮೇಲೆ ಅವಳು ಅಮ್ಮನಿಗೆ ಹೇಳಿದಳು. ದನಿ ಓಡಿತು, ಎಡವಿತು, ಎಲ್ಲೆಲ್ಲೋ ನಿಂತಿತು. ಅಮ್ಮ ಎದುರಿನ ಗೋಡೆಯ ಮೇಲಿನ ಔಷಧದ ಜಾಹೀರಾತನ್ನು ನೋಡುತ್ತಲೇ ಕೇಳಿಸಿಕೊಂಡಳು. "ಅಂದ್ರೆ, ಅಕ್ಕನ ವಿಷಯ ಕೇಳಿದ್ದು," ಎಂದಳು.

"ತಮಾಷೆಗಲ್ಲಮ್ಮಾ."

"ನಲ್ಲಿ?"

"ಅದೂ."

"ನಿಂಗೆ ಗೊತ್ತಿತ್ತು. ನಾನು ಅವ್ರನ್ನ ಅಷ್ಟೊಂದು ಅಂತಿದ್ದಾಗ ನೀನು ಅಲ್ಲೇ ಕೂತು ಊಟ ಮಾಡ್ತಿದ್ದೆ."

ಅಮ್ಮ ಬೆಂಚಿನ ಮೇಲೆ ಒಂದು ಗೇಣು ಆಚೆಗೆ ಸರಿದು ಕೂತಳು. ಆ ಗೇಣಿನಲ್ಲಿ ಒಂದು ಊರೇ ಹಿಡಿಯುವಷ್ಟು ಜಾಗವಿತ್ತು.

ಬಾಗಿಲು ತೆರೆಯಿತು. ಅಪ್ಪ ಮುಖವರಳಿಸಿಕೊಂಡು ಬಂದ. "ಪಾಪ, ಆ ಹೆಂಗಸಿಗೆ ಸರಿಯಾಗಿ ಬರಲ್ಲ ಕಣೇ ಮೇಡಮ್ಮಾ. ಏನೇನೋ ಬೇರೆ ಪದ ಓದಿದ್ಲು. ಆಮೇಲೆ ಕೇಳಿದಾಗ ಸರಿಯಾದದ್ದನ್ನೇ ಹೇಳಿ ಬಂದೆ."

ಹಿಂದೆ ನಿಂತಿದ್ದ ತಕ್ಕಡಿ ಮೇಡಂ ಮಗಳ ಕಡೆ ನೋಡಲಿಲ್ಲ. ಕೈಯಲ್ಲಿದ್ದ ಹಾಳೆಯನ್ನು ಮಡಿಸಿ ಡಾಕ್ಟರ ಕೋಣೆಗೆ ಹೋದರು. ಆ ಹಾಳೆಯಲ್ಲಿ ಏನಿದೆಯೆಂದು ಮಗಳಿಗೆ ಯಾರೂ ಹೇಳಬೇಕಿರಲಿಲ್ಲ.

ಅಮ್ಮ ಎದ್ದು ಅಪ್ಪನ ಅಂಗಿಯ ತೋಳು ಹಿಡಿದಳು. ಒಂದು ವಾರದ ಮೇಲೆ ಅವನೊಂದಿಗೆ ಆಡಿದ ಮೊದಲ ಮಾತು ಅದು. "ರೀ, ನಾನು ನಿಮ್ಮನ್ನ ತುಂಬಾ ಬೈದ್ಬಿಟ್ಟೆ. ಮನಸ್ಸಲ್ಲಿ ಇಟ್ಕೋಬೇಡಿ."

ಅಪ್ಪ ಆಶ್ಚರ್ಯದಿಂದ ಅವಳನ್ನೂ ಮಗಳನ್ನೂ ನೋಡಿದ.

"ನೀನಾ? ಯಾವಾಗ ಬೈದೆ?" ಎಂದ. "ಮೂವತ್ತು ವರ್ಷದಲ್ಲಿ ನೀನು ನನಗೆ ಒಂದು ಗಟ್ಟಿ ಮಾತು ಆಡಿಲ್ಲ."

ಅಮ್ಮ ತೋಳು ಬಿಡಲಿಲ್ಲ. ಇನ್ನೊಮ್ಮೆ ಹೇಳಿದಳು, ನಲ್ಲಿಯ ವಿಷಯ ಹೇಳಿದಳು, ಅಕ್ಕನ ವಿಷಯ ಬಾಯಿವರೆಗೂ ತಂದು ನುಂಗಿದಳು. ಅವನು ತಲೆಯಾಡಿಸುತ್ತಾ, ಅವಳಿಗೇ ಏನೋ ಆಗಿದೆಯೆಂಬಂತೆ ಬೆನ್ನು ಸವರುತ್ತಾ ನಿಂತ. ಕ್ಷಮಿಸಬೇಕಾದವನ ಬಳಿ ಕ್ಷಮಿಸಲು ಏನೂ ಉಳಿದಿರಲಿಲ್ಲ. ಮಗಳು ಬೆಂಚಿನಿಂದ ಎದ್ದಳು; ಅವರ ಹತ್ತಿರ ಹೋಗಬಹುದೋ ಬಾರದೋ ತಿಳಿಯದೆ, ಅಲ್ಲೇ ನಿಂತಳು.