ದಿಮ್ಮಿ ಬ್ಲೇಡನ್ನು ಕಚ್ಚಿಕೊಂಡಾಗ

ಬೇಕರಿಯ ಒಲೆಗೆ ಸೌದೆ ಮುಗಿಯುತ್ತ ಬಂದಿತ್ತು. ಗಾಳಿಗೆ ಉರುಳಿದ ಮರದ ದಿಮ್ಮಿಯೊಂದು ಹಿತ್ತಲಲ್ಲಿತ್ತು. ಬೇಕರಿಯವನು ಅದರ ಎರಡೂ ತುದಿಗೆ ಒಂದೊಂದು ಕಲ್ಲು ಕೊಟ್ಟು, ಬಾಡಿಗೆಗೆ ತಂದ ಮರ ಕೊಯ್ಯುವ ಮೆಷಿನ್ ಹಿಡಿದು ನಿಂತ. ಕಾಲಲ್ಲಿ ಸವೆದ ರಬ್ಬರ್ ಚಪ್ಪಲಿ.

ಪಕ್ಕದ ಮನೆಯಾಕೆ ಅಗ್ನಿಶಾಮಕ ದಳದವಳು. ರಸ್ತೆಗೆ ಬಿದ್ದ ಮರ ಕೊಯ್ದು ತೆಗೆಯುವುದೂ ಅವಳ ಕೆಲಸವೇ. ಬಟ್ಟೆ ಒಣಹಾಕುತ್ತಿದ್ದವಳು ಕಾಂಪೌಂಡಿನ ಆಚೆಯಿಂದ ಕೂಗಿದಳು.

"ಅಣ್ಣ, ಎರಡೂ ಕಡೆ ಕಲ್ಲು ಕೊಟ್ಟು ನಡುವೆ ಕೊಯ್ದರೆ ದಿಮ್ಮಿ ಬ್ಲೇಡನ್ನ ಕಚ್ಚಿಕೊಳ್ಳುತ್ತೆ. ಸ್ವಲ್ಪ ತಾಳಿ, ಬಂದೆ."

"ಬೆಂಕಿ ಆರಿಸೋರಿಗೆ ಸೌದೆ ಕಂಡ್ರೆ ಆಗಲ್ಲ ಬಿಡಮ್ಮ!" ಅವನು ನಕ್ಕ. "ದಿನಾ ಒಲೆ ಜೊತೆ ಗುದ್ದಾಡೋನು ನಾನು. ಒಂದು ಮರದ ತುಂಡಿಗೆ ಹೆದರ್ತೀನಾ?"

ಮೆಷಿನ್ ಅಬ್ಬರಿಸಿತು. ಹೊಟ್ಟು ಹಾರಿತು. ಬ್ಲೇಡು ಅರ್ಧ ಇಳಿಯುವಷ್ಟರಲ್ಲಿ ದಿಮ್ಮಿಯ ನಡು ಕುಸಿಯಿತು. ಸೀಳಿನ ಬಾಯಿ ಮೇಲಿಂದ ಮುಚ್ಚಿಕೊಂಡು ಬ್ಲೇಡನ್ನು ಬಿಗಿಯಾಗಿ ಹಿಡಿದುಬಿಟ್ಟಿತು. ಬ್ಲೇಡಿನ ಸುತ್ತ ತಿರುಗುತ್ತಿದ್ದ ಹಲ್ಲಿನ ಚೈನು ನಿಂತಿತು. ಎಂಜಿನ್ ಮಾತ್ರ ಗುರುಗುಟ್ಟುತ್ತಲೇ ಇತ್ತು.

ಅವನು ಎಳೆದ. ಬರಲಿಲ್ಲ. ಆಚೆ ಈಚೆ ಅಲುಗಾಡಿಸಿದ. "ಹಾಳಾದ್ದು!" ಎಂದು ಬೈದು, ಒಂದು ಕಾಲನ್ನು ಕಲ್ಲಿಗೆ ಒತ್ತಿ, ಮೈಯ ಬಲವನ್ನೆಲ್ಲ ಹಾಕಿ ಜಗ್ಗಿದ. ಕಲ್ಲು ಜಾರಿತು. ದಿಮ್ಮಿ ಧೊಪ್ಪೆಂದು ಅವನ ಪಾದದ ಮೇಲೆ ಕೂತಿತು. ಅವನು ಹಿಂದಕ್ಕೆ ಕುಕ್ಕರಿಸಿ ಬಿದ್ದ. ಸಿಕ್ಕಿಕೊಂಡ ಮೆಷಿನ್ ಅವನ ಮೊಣಕಾಲ ಮೇಲೆ ವಾಲಿಕೊಂಡು ನಡುಗುತ್ತಿತ್ತು.

ಹಿಟ್ಟು ನಾದುತ್ತಿದ್ದ ಹೆಂಡತಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಎತ್ತೇ! ದಿಮ್ಮಿ ಎತ್ತೇ! ಕಾಲು ಹೋಯ್ತು!"

ಅವಳು ಬಗ್ಗಿ ದಿಮ್ಮಿಯ ನಡುವಿಗೆ ಕೈಹಾಕಿದಳು.

"ಎತ್ತಬೇಡಿ!" ಪಕ್ಕದ ಮನೆಯಾಕೆ ಕಾಂಪೌಂಡ್ ಹತ್ತುತ್ತಲೇ ಚೀರಿದಳು. "ಎತ್ತಿದ್ರೆ ಸೀಳು ಬಾಯಿ ಬಿಟ್ಟು ಮೆಷಿನ್ ಅವರ ಕಾಲ ಮೇಲೇ ಬೀಳುತ್ತೆ! ಮೊದಲು ಎಂಜಿನ್ ಆಫ್ ಮಾಡಿ!"

ಆ ಮೆಷಿನ್ನನ್ನು ಹೆಂಡತಿ ಎಂದೂ ಮುಟ್ಟಿದವಳಲ್ಲ. "ಯಾವುದು ಅಕ್ಕಾ? ಯಾವುದನ್ನ ಒತ್ತಲಿ?"

"ಹಿಡಿಯ ಕೆಳಗಿರೋದನ್ನ ಮುಟ್ಟಲೇಬೇಡಿ, ಅದು ಚೈನ್ ತಿರುಗಿಸುತ್ತೆ! ಪಕ್ಕದಲ್ಲಿ ಚಿಕ್ಕ ಸ್ವಿಚ್ ಇದೆ ನೋಡಿ, ಹೆಬ್ಬೆರಳಿಗೆ ಸಿಗುತ್ತೆ!"

ಅವನು ಕೂಗುವುದನ್ನೂ ಮರೆತು ಕಣ್ಣು ಮುಚ್ಚಿದ. ಅವಳ ಬೆರಳಿಗೆ ಹಿಟ್ಟು ಮೆತ್ತಿತ್ತು. ಸ್ವಿಚ್ಚಿನ ಮೇಲೆ ಒಮ್ಮೆ ಜಾರಿತು. ಉಸಿರು ಬಿಗಿಹಿಡಿದು ಮತ್ತೆ ಒತ್ತಿದಳು.

ಸದ್ದು ನಿಂತಿತು. ಹಿತ್ತಲಲ್ಲಿ ಅವನ ಏದುಸಿರೊಂದೇ ಕೇಳಿಸುತ್ತಿತ್ತು.

ಪಕ್ಕದ ಮನೆಯಾಕೆ ನಡುವನ್ನು ಬಿಟ್ಟು, ಹಿತ್ತಲಲ್ಲಿದ್ದ ಹಾರೆಯನ್ನು ದಿಮ್ಮಿಯ ತುದಿಯ ಕೆಳಗೆ ಕೊಟ್ಟು ಮೆಲ್ಲಗೆ ಮೀಟಿದಳು. ಹೆಂಡತಿ, ಕೈ ಒಳಗೆ ಹೋಗದಂತೆ, ಕೋಲಿನಿಂದ ಇಟ್ಟಿಗೆಗಳನ್ನು ದಿಮ್ಮಿಯ ಕೆಳಗೆ ತಳ್ಳಿದಳು. ಕಾಲು ಹೊರಗೆ ಬಂದಿತು. ಪಾದ ಆಗಲೇ ಊದಿತ್ತು. ಆಸ್ಪತ್ರೆಯಲ್ಲಿ ಮೂಳೆ ಬಿರುಕು ಬಿಟ್ಟಿದೆ ಎಂದು ಪ್ಲಾಸ್ಟರ್ ಹಾಕಿದರು.

ಮನೆಗೆ ಬಂದ ಮೇಲೂ ಅವನ ಬಾಯಿ ಸುಮ್ಮನಿರಲಿಲ್ಲ. "ಇನ್ನೊಂದು ಸಲ ಜೋರಾಗಿ ಎಳೆದಿದ್ರೆ ಬಂದೇ ಬಿಡ್ತಿತ್ತು."

"ಬರ್ತಿತ್ತು ಕಣೋ, ನಿನ್ನ ತೊಡೆಗೇ ಬರ್ತಿತ್ತು," ಎಂದರು ಅವನ ತಾಯಿ. ಅವನು ತಲೆ ತಗ್ಗಿಸಿದ.

ಆಮೇಲೊಂದು ದಿನ ಪಕ್ಕದ ಮನೆಯಾಕೆ ಬಂದು, ದಿಮ್ಮಿಯಲ್ಲೇ ಉಳಿದಿದ್ದ ಬ್ಲೇಡನ್ನು ಬಿಡಿಸಿ ತೋರಿಸಿದಳು. ಅವನು ಕುರ್ಚಿಯಲ್ಲಿ ಕೂತು ನೋಡಿದ. ಅವಳು ಸೀಳಿಗೆ ಮರದ ಬೆಣೆ ಇಟ್ಟು, ಬ್ಲೇಡಿಗೆ ತಾಗದಂತೆ ಮೆಲ್ಲಗೆ ಬಡಿದಳು. ಬಾಯಿ ತುಸು ತೆರೆಯಿತು. ಹೆಂಡತಿ ಹಾರೆಯಿಂದ ನಡುವನ್ನು ಕೊಂಚ ಮೀಟಿದಳು. ಬ್ಲೇಡು ತಾನಾಗಿ ಸಡಿಲವಾಯಿತು.

"ಇಷ್ಟೇನಾ?" ಎಂದ ಅವನು.

"ಇಷ್ಟೇ ಅಣ್ಣ. ಕಬ್ಬಿಣದ ಬೆಣೆ ಮಾತ್ರ ಬೇಡ, ಚೈನ್ ತಾಗಿದ್ರೆ ಕಿಡಿ ಹಾರುತ್ತೆ. ಇನ್ನು ಕೊಯ್ಯೋ ಮುಂಚೆ, ದಿಮ್ಮಿ ಎಲ್ಲಿ ಕೂತಿದೆ, ಎಲ್ಲಿ ತೂಗ್ತಿದೆ ಅಂತ ನೋಡ್ಕೊಳ್ಳಿ. ಒಂದು ತುದಿ ಆಧಾರದಿಂದ ಆಚೆ ಚಾಚಿರೋ ಹಾಗೆ ಇಟ್ಟು, ಆ ಚಾಚಿದ ಕಡೆ ಕೊಯ್ದರೆ ತುಂಡು ಕೆಳಗೆ ಬೀಳುತ್ತೆ, ಸೀಳು ಅಗಲ ಆಗುತ್ತೆ. ನಡುವೇ ಕೊಯ್ಯಬೇಕು ಅಂದ್ರೆ ಬ್ಲೇಡು ಮೇಲಿಂದ ಸ್ವಲ್ಪ ಇಳಿದ ಕೂಡಲೇ ಸೀಳಿಗೆ ಬೆಣೆ ಕೊಡಿ. ದಿಮ್ಮಿ ಉರುಳದ ಹಾಗೆ ಎರಡೂ ಪಕ್ಕ ಒತ್ತುಗಲ್ಲು ಇರಲಿ. ಆ ಚಪ್ಪಲಿ ಮಾತ್ರ ಒಲೆಗೆ ಹಾಕಿಬಿಡಿ!"

ಪ್ಲಾಸ್ಟರ್ ಬಿಚ್ಚಿದ ಮೇಲೆ ಅವನು ದಪ್ಪ ಬೂಟು ಹಾಕಿಕೊಂಡು, ಮತ್ತೆ ಬಾಡಿಗೆಗೆ ತಂದ ಮೆಷಿನ್ ಹಿಡಿದ. ಒಂದು ಗಂಟಿನ ಬಳಿ ಬ್ಲೇಡು ಮತ್ತೆ ಕಚ್ಚಿಕೊಂಡಿತು. ಅವನು ಎಳೆಯಲಿಲ್ಲ. ಎಂಜಿನ್ ಆರಿಸಿ, ಹಿಂದೆ ಸರಿದು, ಹಣೆಯ ಬೆವರು ಒರೆಸಿಕೊಂಡ.

"ಏಯ್, ಬೆಣೆ ತಾರೇ," ಎಂದು ಹೆಂಡತಿಯನ್ನು ಕರೆದ.

ಅಣ್ಣಂದಿರೇ, ಅಕ್ಕಂದಿರೇ, ದಿಮ್ಮಿ ಕಚ್ಚಿಕೊಂಡ ಬ್ಲೇಡು ಎಲ್ಲಿಗೂ ಓಡಿಹೋಗುವುದಿಲ್ಲ. ಅದನ್ನು ಜಗ್ಗಬೇಡಿ, ಒದೆಯಬೇಡಿ. ಎಂಜಿನ್ ಆರಿಸಿ, ಭಾರ ಎತ್ತ ಇದೆ ನೋಡಿ, ಬೆಣೆ ಕೊಡಿ. ಒಬ್ಬರೇ ಇದ್ದಾಗ ಮರ ಕೊಯ್ಯಲು ಹೋಗಲೇಬೇಡಿ. ಮತ್ತೆ ಈವತ್ತೇ, ಮೆಷಿನ್ ತಣ್ಣಗಿರುವಾಗಲೇ, ಅದನ್ನು ಆಫ್ ಮಾಡುವ ಸ್ವಿಚ್ ಎಲ್ಲಿದೆ ಎಂದು ಮನೆಯವರಿಗೆಲ್ಲ ತೋರಿಸಿಕೊಡಿ.