ಹಸಿರು ಕೊಡೆ

ಹುಚ್ಚಮ್ಮ ಎರಡನೆಯ ಭರಣಿಯನ್ನೂ ಬಚ್ಚಲ ತೂಬಿಗೆ ಬಗ್ಗಿಸಿದಳು. ಗಾಢ ಹಸಿರು ನೀರು ಗುಳುಗುಳು ಸದ್ದು ಮಾಡುತ್ತ ಇಳಿದುಹೋಯಿತು. ಹಂಡೆ, ಬಿಂದಿಗೆ, ಬಕೆಟ್ಟುಗಳೆಲ್ಲ ಆಗಲೇ ಖಾಲಿಯಾಗಿ ಅಂಗಳದಲ್ಲಿ ಬೋರಲು ಬಿದ್ದಿದ್ದವು. ಸಾವಾದ ಮನೆಯಲ್ಲಿ ತುಂಬಿಟ್ಟ ನೀರು ಉಳಿಯಬಾರದು ಎನ್ನುವುದು ಅವರ ಕಡೆಯ ಪದ್ಧತಿ. ಬೆಳಗ್ಗೆ ಹಾಸನದ ಬಸ್ಸಿನಿಂದ ಸುಂಟಿಕೊಪ್ಪದಲ್ಲಿ ಇಳಿದವಳು ತಮ್ಮನ ಹೆಂಡತಿಯ ಮುಖ ನೋಡಿ ಮನಸಾರೆ ಅತ್ತು, ಮೂಗೊರೆಸಿಕೊಂಡು, ಸೆರಗು ಸಿಕ್ಕಿಸಿ ಈ ಕೆಲಸಕ್ಕೆ ನಿಂತಿದ್ದಳು.

ಸಣ್ಣಸ್ವಾಮಿ ಬಾಗಿಲಲ್ಲಿ ನಿಂತು ನೋಡಿದ.

"ಅಕ್ಕ, ಅದು ವನಜಂದು."

"ಯಾರ್ದಾದ್ರೇನು? ಪಾಚಿ ಕಟ್ಟಿತ್ತು. ಹೋಗೋ ಜೀವ ನೀರು ಕಂಡ್ರೆ ಅಲ್ಲೇ ನಿಂತ್ಕೊಂಡ್ಬಿಡ್ತದೆ ಕಣೋ. ಪಾಪ, ಅವ್ಳು ನೆಮ್ಮದಿಯಾಗಿ ಹೋಗ್ಲಿ." ಖಾಲಿ ಭರಣಿಯನ್ನು ಬೋರಲು ಹಾಕಿ ಕೇಳಿದಳು, "ಅಂಗಡೀಲೇನಾದ್ರೂ ನೀರಿಟ್ಟಿದ್ದೀಯಾ?"

"ಇಲ್ಲ."

ಜೇಬಿನಲ್ಲಿದ್ದ ಅಂಗಡಿಯ ಬೀಗದ ಕೈಯನ್ನು ಅವನು ಗಟ್ಟಿಯಾಗಿ ಹಿಡಿದುಕೊಂಡ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತ, ಸುಳ್ಳು ಹೇಳಿದ ಮಕ್ಕಳ ಕಿವಿ ಹಿಂಡುತ್ತ ರಿಟೈರಾದ ವನಜಮ್ಮ ಇವತ್ತು ಗಂಡ ಹೇಳಿದ ಸುಳ್ಳಿಗೆ ಏನೂ ಅನ್ನದೆ, ಕಾಸಿನಗಲ ಕುಂಕುಮವಿಟ್ಟುಕೊಂಡು ನಡುಮನೆಯಲ್ಲಿ ಮಲಗಿದ್ದಳು.

ಅಂಗಡಿಯೆಂದರೆ ಮನೆಯ ಮುಂದಿನ, ರಸ್ತೆಗೆ ಬಾಗಿಲಿರುವ ಕೋಣೆ. ಬಟ್ಟೆ ಹೊಲಿಯುವುದು, ಕೊಡೆ ರಿಪೇರಿ ಎರಡೂ ಅಲ್ಲೇ. ಮೂರನೆಯ ಭರಣಿ ಅಲ್ಲಿತ್ತು. ಹೆಂಡತಿ ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಅವನೇ ಅದನ್ನು ಒಯ್ದು ಕಿಟಕಿಯ ಹತ್ತಿರ ಇಟ್ಟಿದ್ದ. ಆಮೇಲೆ ಅಂಗಡಿ ತೆರೆದಿರಲಿಲ್ಲ. ಆಸ್ಪತ್ರೆಯಲ್ಲಿ ಅವಳು, "ಏನಾದ್ರೂ ಆಗ್ಲಿ ರೀ, ಭರಣೀಲಿರೋದನ್ನ ಮಾತ್ರ ಸಾಯಿಸಬೇಡಿ" ಎಂದಿದ್ದಳು. ಹೂಂ ಎಂದಿದ್ದ. ಈಗ ಎರಡು ಭರಣಿ ಚರಂಡಿ ಸೇರಿದವು. ಮೂರನೆಯದು ಬದುಕಿದೆಯೋ ಕೊಳೆತಿದೆಯೋ ಅವನಿಗೆ ಗೊತ್ತಿರಲಿಲ್ಲ. ನೋಡಲು ಹೋದರೆ ಅಕ್ಕ ಹಿಂದೆಯೇ ಬರುತ್ತಾಳೆ.

*

ವನಜಮ್ಮ ಮೊದಲ ಸಲ ಅಂಗಡಿಗೆ ಬಂದದ್ದು ಎಷ್ಟೋ ವರ್ಷದ ಹಿಂದೆ, ಜೂನ್ ತಿಂಗಳಲ್ಲಿ. ಊರಿನ ಕೊಡೆಗಳೆಲ್ಲ ಅವನ ಮುಂದೆ ಕಾಲು ಮುರಿದುಕೊಂಡು ಬಿದ್ದಿದ್ದ ಕಾಲ ಅದು.

"ರಿಪೇರಿ ಅಲ್ಲ," ಎಂದಿದ್ದಳು ಹೊಸ ಟೀಚರು. "ಕೊಡೆಯ ಕಪ್ಪು ಬಟ್ಟೆ ಒಂದು ತುಂಡು ಬೇಕು. ನಡುವೆ ತೂತು ಮಾಡಿಕೊಡಿ."

"ತೂತು ಮುಚ್ಚಿಸ್ಕೊಳ್ಳೋಕೆ ಎಲ್ರೂ ಬರ್ತಾರೆ ಮೇಡಂ, ತೂತು ಮಾಡಿಸ್ಕೊಳ್ಳೋಕೆ ಬಂದೋರು ನೀವೇ ಮೊದ್ಲು. ಯಾವ ಆಕಾರ?"

"ಯಾವುದಾದ್ರೂ ಸರಿ."

ತಮಾಷೆಗೆಂದು ಅವನು ಅಂಗೈಯಗಲದ ಕೊಡೆಯ ಆಕಾರ ಕತ್ತರಿಸಿದ. ಹಿಡಿಕೆಯ ಬಾಗು ಬಿಡಿಸುವಾಗ ನಾಲಿಗೆ ಕಚ್ಚಿಕೊಂಡಿದ್ದ. ಅವಳು ನಕ್ಕಿದ್ದನ್ನು ನೋಡಿ ಕಾಸು ಕೇಳುವುದೇ ಮರೆತುಹೋಯಿತು.

ವಾರದೊಳಗೆ ಅವಳು ಆ ಬಟ್ಟೆ ಸುತ್ತಿದ್ದ ಗಾಜಿನ ಭರಣಿಯನ್ನು ತಂದು ಮೆಷಿನ್ನಿನ ಮೇಲಿಟ್ಟು ಬಟ್ಟೆ ಬಿಚ್ಚಿದಳು. ಗಾಜಿನ ಒಳಮೈಯಲ್ಲಿ ಅಚ್ಚಹಸಿರು ಕೊಡೆ ನಿಂತಿತ್ತು, ಹಿಡಿಕೆಯ ಬಾಗಿನ ಸಮೇತ.

"ಇದನ್ನ ಹೊಲಿದೋರ್ಯಾರು?" ಎಂದ ಸಣ್ಣಸ್ವಾಮಿ.

"ಯೂಗ್ಲಿನಾ. ಕೆರೆ ನೀರಲ್ಲಿರುತ್ತೆ. ಒಂದೇ ಜೀವಕೋಶ, ಬರಿಗಣ್ಣಿಗೆ ಕಾಣಲ್ಲ. ಮೈ ಗಿಡದ ಹಾಗೆ ಹಸಿರು, ಆದ್ರೆ ಬಾಲ ಬೀಸಿಕೊಂಡು ಈಜುತ್ತೆ. ಕೆಂಪು ಚುಕ್ಕೆ ಒಂದಿದೆ, ಅದರಿಂದಲೇ ಬೆಳಕಿನ ದಿಕ್ಕು ತಿಳಿಯುತ್ತೆ. ನೀವು ಮಾಡಿದ ತೂತಲ್ಲಿ ಮಾತ್ರ ಬೆಳಕಿತ್ತು. ಎಲ್ಲಾ ಅಲ್ಲಿಗೇ ಬಂದು ಸೇರಿವೆ."

ಅವಳು ಹೇಳಿ ಮುಗಿಸುವಷ್ಟರಲ್ಲಿ ಕೊಡೆಯ ಅಂಚು ಮಸುಕಾಗತೊಡಗಿತು. ಬಟ್ಟೆ ತೆಗೆದ ಮೇಲೆ ಎಲ್ಲ ಕಡೆಯೂ ಬೆಳಕು. ಅವು ಚದುರಿಹೋಗುತ್ತವೆ ಎಂದಳು. ಅವನಿಗೆ ನಿಜಕ್ಕೂ ಸಂಕಟವಾಯಿತು. ಮತ್ತೊಂದು ಬಟ್ಟೆ ಕತ್ತರಿಸಿಕೊಟ್ಟ. ಹಾಗೆ ಕತ್ತರಿಸಿಕೊಡುತ್ತ ಕೊಡುತ್ತ ಮದುವೆಯೂ ಆಯಿತು. ಟೀಚರು ಟೈಲರನ್ನು ಕಟ್ಟಿಕೊಂಡಳೆಂದು ಸ್ಟಾಫ್ ರೂಮಿನಲ್ಲಿ ಒಂದಷ್ಟು ದಿನ ಗುಸುಗುಸು ನಡೆದು ತಣ್ಣಗಾಯಿತು.

ಆ ಭರಣಿಗಳ ಉಪಚಾರ ಒಂದೆರಡಲ್ಲ. ನೀರು ಕುದಿಸಿ ಆರಿಸಬೇಕು, ಬೆಂದ ಗೋಧಿಕಾಳು ನಾಲ್ಕು ಹಾಕಬೇಕು, ಹಳೆಯ ಭರಣಿಯಿಂದ ಒಂದು ಲೋಟ ಹಸಿರು ಸುರಿಯಬೇಕು. ಭರಣಿಯ ಬಾಯಿಗೆ ಹತ್ತಿ ತುರುಕಬೇಕು. ಬೆಳಕು ಬೇಕು, ಬಿಸಿಲು ತಾಗಬಾರದು. ಮನೆಯಲ್ಲಿ ತೊಟ್ಟಿಲು ಕಟ್ಟಲಿಲ್ಲ. ಆ ಬೇಸರ ಇಬ್ಬರಿಗೂ ಇತ್ತು, ಆದರೆ ಇಬ್ಬರೂ ಅದರ ಮಾತೆತ್ತದೆ ಗೋಧಿ ಬೇಯಿಸಿದರು.

*

ಅಂಗಳದ ಬೆಂಚಿನಲ್ಲಿ ಪಿಕಪ್ ಓಡಿಸುವ ಲೋಕೇಶ್ ಕೂತಿದ್ದ. ವನಜಮ್ಮನ ಹಳೆಯ ವಿದ್ಯಾರ್ಥಿ. ದೇಹವನ್ನು ಒಯ್ಯುವುದು ಅವನದೇ ಗಾಡಿಯಲ್ಲಿ. ಕಾಫಿ ಎಸ್ಟೇಟಿನ ಕೂಲಿ ಲೈನಿನಿಂದ ಚೋಮಿ ಹಣ್ಣಿನ ಪಿಕಿಂಗ್ ಬಿಟ್ಟು ಬಂದಿದ್ದಳು.

"ನನ್ ಮಗ್ಳನ್ನ ಬಿಡೋಕೆ ಸ್ಕೂಲಿಗೆ ಹೋದಾಗ, ಬಾ ಚೋಮಿ ನೀನೂ ನೋಡು ಅಂತ ಮೈಕ್ರೋಸ್ಕೋಪಿಗೆ ಕಣ್ಣಿಡ್ಸಿದ್ರು," ಎಂದಳು ಚೋಮಿ. "ನಂಗೆ ನನ್ ರೆಪ್ಪೆನೇ ಕಂಡದ್ದು. ಕಂಡ್ತು ಟೀಚರಮ್ಮ ಅಂದ್ಬಿಟ್ಟೆ. ಅಷ್ಟು ಖುಷಿಯಿಂದ ಕೇಳಿದ್ರು, ಇಲ್ಲ ಅನ್ನೋದು ಹೆಂಗೆ?"

ಲೋಕೇಶನಿಗೆ ಅಳುವಿನ ನಡುವೆಯೇ ನಗು ಬಂತು. "ಯೂಗ್ಲಿನಾ ಉದ್ದಕ್ಕೆ ಸೀಳಿ ಎರಡಾಗುತ್ತೆ ಅಂತ ಪಾಠ ಮಾಡಿದ್ರು. ಹಂಗಾದ್ರೆ ಹಳೇದು ಎಲ್ಲೋಯ್ತು ಮಿಸ್ ಅಂದೆ. ಎಲ್ಲೂ ಹೋಗಿಲ್ಲ ಕಣೋ, ಎರಡ್ರಲ್ಲೂ ಅದೇ ಇದೆ ಅಂದ್ರು."

ಹತ್ತಿರದಲ್ಲೇ ನಿಂತಿದ್ದ ಸಣ್ಣಸ್ವಾಮಿ ಮುಖ ತಿರುಗಿಸಿಕೊಂಡ.

"ಎತ್ತೋಣ ಸ್ವಾಮಣ್ಣ," ಎಂದು ಯಾರೋ ಕರೆದರು.

*

ಸ್ಮಶಾನದಿಂದ ಬಂದವರು ಕಾಲು ತೊಳೆದು, ದೇಹವಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಬೇಕು. ಎಲ್ಲರೂ ಒಳಗೆ ಹೋದರು. ಸಣ್ಣಸ್ವಾಮಿ ಮಾತ್ರ ಒದ್ದೆ ಪಂಚೆಯಲ್ಲೇ ರಸ್ತೆಯ ಕಡೆಯಿಂದ ಬಂದು ಅಂಗಡಿಯ ಬೀಗ ತೆಗೆದ. ಸಂಜೆಯ ಬಿಸಿಲು ಅವನ ಜೊತೆಗೇ ಒಳಗೆ ನುಗ್ಗಿತು. ಕಿಟಕಿಯ ಹತ್ತಿರ ಕಪ್ಪು ಬಟ್ಟೆ ಸುತ್ತಿದ ಭರಣಿ ಇಟ್ಟಲ್ಲೇ ಇತ್ತು. ಆಸ್ಪತ್ರೆಯಿಂದ ಬಂದ ಕೂಡಲೇ ಅವಳಿಗೆ ತೋರಿಸಬೇಕೆಂದು ಹಳೆಯ ಕೊಡೆಯೊಂದನ್ನು ಬಿಚ್ಚಿ, ಅದೇ ಆಕಾರ ಕತ್ತರಿಸಿ ಸುತ್ತಿಟ್ಟಿದ್ದ. ತೂತಿನ ಮಗ್ಗುಲು ಕಿಟಕಿಯ ಕಡೆಗಿತ್ತು.

"ದೀಪ ನೋಡ್ದೆ ಇಲ್ಲೇನ್ ಮಾಡ್ತಿದ್ದೀಯೋ?" ಹುಚ್ಚಮ್ಮ ಹಿಂದೆಯೇ ಬಂದಿದ್ದಳು. ಭರಣಿ ಕಂಡು ಅವಳ ದನಿ ಇಳಿಯಿತು. "ನೀರಿಲ್ಲ ಅಂದಿದ್ಯಲ್ಲೋ."

"ಸುಳ್ಳು ಹೇಳ್ದೆ ಅಕ್ಕ. ಚೆಲ್ಲಲೇಬೇಕು ಅಂದ್ರೆ ಚೆಲ್ಲು. ಒಂದ್ಸಲ ನೋಡ್ಬಿಟ್ಟು ಚೆಲ್ಲು."

ಗಂಟು ಬೇಗ ಬಿಚ್ಚಿಕೊಳ್ಳಲಿಲ್ಲ; ಉಗುರಿನಿಂದ ಎಳೆದು ಸಡಿಲಿಸಿದ. ಬಟ್ಟೆ ಜಾರಿತು. ಅವನು ಭರಣಿಯನ್ನು ಮೆಲ್ಲಗೆ ಅಕ್ಕನ ಕಡೆಗೆ ತಿರುಗಿಸಿದ. ಗಾಜಿನ ಮೇಲೆ ಹಸಿರು ಕೊಡೆ ಬಿಚ್ಚಿಕೊಂಡಿತ್ತು, ಹಿಡಿಕೆಯ ಬಾಗು ಕೂಡ ಸ್ಪಷ್ಟವಾಗಿತ್ತು. ಸಣ್ಣಸ್ವಾಮಿ ಬೆಳಗ್ಗೆಯಿಂದ ತಡೆದುಕೊಂಡಿದ್ದ ಅಳು ಆಗ ಬಂತು.

ಹುಚ್ಚಮ್ಮ ಬಗ್ಗಿ ನೋಡಿದಳು. "ಯಾರೋ ಬರ್ದಿದ್ದು?"

"ಯಾರೂ ಬರ್ದಿಲ್ಲ. ಅವೇ ಬಂದು ನಿಂತಿರೋದು. ಜೀವ ಅದೆ ಅಕ್ಕ."

ಬಾಗಿಲಿನ ಬಿಸಿಲು ಭರಣಿಯ ಮೈತುಂಬ ಹರಡಿತ್ತು. ಹಿಡಿಕೆಯ ತುದಿ ನೀರಿನಲ್ಲಿ ಮೆಲ್ಲಗೆ ಮಸುಕಾಗತೊಡಗಿತು.

"ಕರಗ್ತಾ ಐತಲ್ಲೋ."

"ಬೆಳಕು ಬಿತ್ತಲ್ಲ."

ಒಳಗಿನಿಂದ ಯಾರೋ ದೀಪ ನೋಡಲು ಕೂಗಿದರು. ಹುಚ್ಚಮ್ಮ ಓಗೊಡಲಿಲ್ಲ. ಬೆಳಗ್ಗೆಯಿಂದ ಮನೆಯ ನೀರೆಲ್ಲ ಚೆಲ್ಲಿ ಒದ್ದೆಯಾಗಿದ್ದ ಸೆರಗನ್ನು ಸೊಂಟದಿಂದ ಬಿಡಿಸಿ, ಎರಡು ಕೈಯಲ್ಲೂ ಅಗಲವಾಗಿ ಹಿಡಿದು, ಬಾಗಿಲಿಗೂ ಭರಣಿಗೂ ನಡುವೆ ಅಡ್ಡ ನಿಂತಳು.